ಹಿಮದ ಮೇಲೆ ಫೋರ್ ವೀಲ್ ಡ್ರೈವ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಆಷಾಢದ ಮಳೆ ಹಿಡಿದು ನಾಲ್ಕು ದಿನವಾದ ಮೇಲೆ ಶಿರಸಿ ಕಡೆಯ ಹಳ್ಳಿಮನೆಯ ಅಂಗಳದಲ್ಲಿ ನಡೆದವರಿಗೆ ಹಾವಸೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಅಡಿಕೆ ದಬ್ಬೆಗಳನ್ನು ಹಾಸಿರುತ್ತಾರೆ. ದಬ್ಬೆ ಮುಗಿದಲ್ಲಿ ಹೆಜ್ಜೆ ತಾನಾಗಿ ಚಿಕ್ಕದಾಗುತ್ತದೆ, ಪಾದ ಚಪ್ಪಟೆಯಾಗಿ ಊರುತ್ತದೆ, ಹಿಂದಿನಿಂದ ಯಾರಾದರೂ ಕರೆದರೂ ನಾವು ಗಕ್ಕನೆ ತಿರುಗುವುದಿಲ್ಲ. ನಿಧಾನವಾಗಿ ನೇರ ನಡೆಯುತ್ತಿರುವಷ್ಟು ಹೊತ್ತು ಹಾವಸೆ ನಮ್ಮನ್ನು ಬೀಳಿಸುವುದು ಅಪರೂಪ. ನಿಲ್ಲಲು ಹೋದಾಗ, ತಿರುಗಲು ಹೋದಾಗ ಬೀಳಿಸುತ್ತದೆ. ಹಿಮದ ರಸ್ತೆಯ ಮೇಲೆ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಎಳೆತವಿರುವ ಗಾಡಿ ಹೇಗೆ ವರ್ತಿಸುತ್ತದೆ ಎಂಬುದರ ತಿರುಳು ಈ ಅಂಗಳದಲ್ಲಿಯೇ ಇದೆ.

ಈ ವಿಷಯವನ್ನು ಉತ್ತರ ಕನ್ನಡದಲ್ಲಿ ಕುಳಿತು ಬರೆಯಲು ಕಾರಣವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಿಂದೆ ಹಳೆಯ ಜೀಪು ನಿಲ್ಲುತ್ತಿದ್ದ ಮಾಡಿನಡಿ ಈಗ ಥಾರ್ ಅಥವಾ ಜಿಮ್ನಿ ನಿಂತಿರುವುದನ್ನು ಕಾಣುತ್ತೇವೆ. ತೋಟದ ರಸ್ತೆಗೆಂದು ಕೊಂಡ ಗಾಡಿಯನ್ನೇ ಓಡಿಸಿಕೊಂಡು ಡಿಸೆಂಬರ್, ಜನವರಿಯಲ್ಲಿ ಮನಾಲಿಯ ಕಡೆಗೆ ಹೊರಡುವ ಹುಡುಗರೂ ಇದ್ದಾರೆ. ಹಾಗೆ ಹೊರಟ ನನ್ನ ಸೋದರಳಿಯ ಒಂದು ಪ್ರಶ್ನೆ ಕೇಳಿದ್ದ: ಮಳೆಗಾಲದಲ್ಲಿ ದೇವಿಮನೆ ಘಟ್ಟವನ್ನೂ ತೋಟದ ರಾಡಿಯನ್ನೂ ದಾಟುವ ಗಾಡಿಗೆ ಹಿಮ ಯಾವ ದೊಡ್ಡ ಮಾತು? ಪ್ರಶ್ನೆ ಸಹಜವಾದುದು. ಉತ್ತರಕ್ಕೆ ಮಾತ್ರ ಸ್ವಲ್ಪ ಲೆಕ್ಕ ಬೇಕು, ಗಾಡಿಯ ಹೊಟ್ಟೆಯಡಿಯಲ್ಲಿ ಏನಿದೆ ಎಂಬ ತಿಳಿವಳಿಕೆಯೂ ಬೇಕು.

ಮೊದಲು ಹಿಡಿತದ ಮಾತು. ಗಾಡಿ ಮುಂದೆ ಹೋಗುವುದು, ತಿರುಗುವುದು, ನಿಲ್ಲುವುದು ಈ ಮೂರೂ ನಡೆಯುವುದು ಟಯರು ರಸ್ತೆಯನ್ನು ಹಿಡಿದುಕೊಳ್ಳುವ ಬಲದಿಂದ. ಪ್ರತಿ ಟಯರಿನಲ್ಲಿ ನೆಲಕ್ಕೆ ತಾಗಿರುವ ಭಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಒಣ ಡಾಂಬರಿನ ಮೇಲೆ ಒಳ್ಳೆಯ ಟಯರು ತನ್ನ ಮೇಲೆ ಬಿದ್ದ ಭಾರದ ನೂರಕ್ಕೆ 70ರಿಂದ 80ರಷ್ಟು ಬಲದಿಂದ ನೆಲವನ್ನು ಹಿಡಿಯಬಲ್ಲದು. ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಇದು 40ರಿಂದ 50ಕ್ಕೆ ಇಳಿಯುತ್ತದೆ. ವಾಹನಗಳು ತುಳಿದು ಗಟ್ಟಿಮಾಡಿದ ಹಿಮದ ಮೇಲೆ 20ರ ಆಸುಪಾಸು. ಮಂಜುಗಡ್ಡೆಯ ಮೇಲೆ 10, ಅದು ಕರಗತೊಡಗಿ ಮೇಲೆ ನೀರಿನ ಪಸೆ ಬಂದಿದ್ದರೆ ಇನ್ನೂ ಕಡಿಮೆ. ನಮ್ಮ ಮುಂಗಾರಿನ ರಸ್ತೆ ಎಷ್ಟೇ ಜಾರಿದರೂ ಡಾಂಬರು ಇರುವಲ್ಲಿ ಒಣ ರಸ್ತೆಯ ಅರ್ಧದಷ್ಟಾದರೂ ಹಿಡಿತವನ್ನು ಉಳಿಸಿಕೊಂಡಿರುತ್ತದೆ. ಮಂಜುಗಡ್ಡೆ ಏಳರಲ್ಲಿ ಒಂದು ಪಾಲನ್ನಷ್ಟೇ ಉಳಿಸುತ್ತದೆ.

ಈಗ 1,500 ಕಿಲೋ ತೂಕದ ಒಂದು ಗಾಡಿಯನ್ನು ಗಟ್ಟಿಹಿಮದ ಏರಿನಲ್ಲಿ ನಿಲ್ಲಿಸೋಣ. ಏರು ಸಾಧಾರಣ ಘಟ್ಟದ್ದು, 10 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುವಂಥದು. ಈ ಗಾಡಿಯನ್ನು ಇಳಿಜಾರು 150 ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತಿರುತ್ತದೆ. ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಎಂಜಿನ್ನಿನ ಬಲ ಹೋಗುತ್ತದೆ, ಅವುಗಳ ಮೇಲೆ ಗಾಡಿಯ ಅರ್ಧ ಭಾರ ಅಂದರೆ 750 ಕಿಲೋ ಇದೆ ಎಂದಿಟ್ಟುಕೊಂಡರೆ, ಅವು ಹಿಡಿಯಬಲ್ಲದ್ದು ಅದರ ಐದನೆಯ ಒಂದು ಪಾಲು, 150 ಕಿಲೋ. ಎಳೆತವೂ ಹಿಡಿತವೂ ಸರಿಸಮ. ಒಂದು ಸಣ್ಣ ಉಬ್ಬು ಅಡ್ಡ ಬಂದರೂ, ನಿಂತಲ್ಲಿಂದ ಹೊರಡಬೇಕಾಗಿ ಬಂದರೂ ಗಾಲಿ ಇದ್ದಲ್ಲೇ ತಿರುಗತೊಡಗುತ್ತದೆ. ಮುಂದಿನ ಗಾಲಿಗಳಿಗೆ ಬಲ ಹೋಗುವ ಸಾಮಾನ್ಯ ಕಾರಿಗೆ ಎಂಜಿನ್ನಿನ ಭಾರ ಮುಂದೆಯೇ ಇರುವುದರಿಂದ ಸಮತಟ್ಟಿನಲ್ಲಿ ಅನುಕೂಲವಿದೆ, ಆದರೆ ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಆ ಅನುಕೂಲ ಸವೆಯುತ್ತದೆ. ನಾಲ್ಕೂ ಗಾಲಿಗಳಿಗೆ ಬಲ ಹೋದರೆ ಇಡೀ 1,500 ಕಿಲೋ ಭಾರವೂ ಕೆಲಸಕ್ಕೆ ಬಂದು 300 ಕಿಲೋ ಹಿಡಿತ ಸಿಗುತ್ತದೆ. ಅರ್ಧ ಏರಿಗೆ ಹೋದರೂ ಇನ್ನರ್ಧ ಕೈಯಲ್ಲಿ ಉಳಿಯುತ್ತದೆ. ಪಕ್ಕದಲ್ಲಿ ಕಾರುಗಳು ಗಾಲಿ ತಿರುಗಿಸುತ್ತ ನಿಂತಿರುವಾಗ ಫೋರ್ ವೀಲ್ ಡ್ರೈವ್ ಗಾಡಿ ಏನೂ ಆಗದಂತೆ ಏರಿಹೋಗುವುದು ಈ ಲೆಕ್ಕದಿಂದ. ಅದರ ಹಿರಿಮೆ ನಿಜವಾದುದು, ಅದನ್ನು ಕಡಿಮೆಮಾಡಿ ಹೇಳುವ ಉದ್ದೇಶ ನನಗಿಲ್ಲ.

ಅದೇ ಗಾಡಿಯನ್ನು ಅದೇ ರಸ್ತೆಯಲ್ಲಿ ಇಳಿಸಿ ನೋಡಿ. ಈಗ ಬೇಕಾದದ್ದು ಬ್ರೇಕು. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಗಳಿಗೇ ಇರುವುದರಿಂದ, ಫೋರ್ ವೀಲ್ ಡ್ರೈವ್ ಇಲ್ಲಿ ಹೊಸದಾಗಿ ತಂದುಕೊಡುವ ಹಿಡಿತ ಯಾವುದೂ ಇಲ್ಲ. ಸಿಗುವ 300 ಕಿಲೋ ಹಿಡಿತದಲ್ಲಿ 150 ಕಿಲೋ ಇಳಿಜಾರನ್ನು ತಡೆಯುವುದಕ್ಕೇ ಖರ್ಚಾಗಿ, ಗಾಡಿಯನ್ನು ನಿಲ್ಲಿಸಲು ಉಳಿಯುವುದು 150 ಮಾತ್ರ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿದ್ದರೆ ಬ್ರೇಕು ಒತ್ತಿದಲ್ಲಿಂದ ನಿಲ್ಲಲು ಸುಮಾರು 35 ಮೀಟರ್ ಬೇಕು. ಆಲ್ಟೊ ಆದರೂ ಅಷ್ಟೇ, ಥಾರ್ ಆದರೂ ಅಷ್ಟೇ. ತೂಕ ಹೆಚ್ಚಿದ್ದರೆ ಹಿಡಿತವೂ ಎಳೆತವೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ನಿಲ್ಲುವ ದೂರ ಬದಲಾಗುವುದಿಲ್ಲ. ಇನ್ನು ಅದೇ ಇಳಿಜಾರಿನಲ್ಲಿ ಹಿಮದ ಬದಲು ಮಂಜುಗಡ್ಡೆ ಇದ್ದರೆ ಸಿಗುವ ಹಿಡಿತ 150 ಕಿಲೋ, ಇಳಿಜಾರಿನ ಎಳೆತವೂ 150 ಕಿಲೋ. ಕಳೆದರೆ ಸೊನ್ನೆ. ಒಮ್ಮೆ ವೇಗ ಹಿಡಿದ ಗಾಡಿ ಬ್ರೇಕಿನ ಮೇಲೆ ಎದ್ದು ನಿಂತರೂ ನಿಲ್ಲುವುದಿಲ್ಲ. ಈ ಲೆಕ್ಕದ ಅತ್ಯಂತ ಗಂಭೀರವಾದ ಅಂಶ ಇದು: ನಾಲ್ಕು ಗಾಲಿಯ ಬಲದಿಂದ ಕಷ್ಟವಿಲ್ಲದೆ ಏರಿದ ಜಾಗದಿಂದ ಅಷ್ಟೇ ಸುಲಭವಾಗಿ ಇಳಿಯಲಾಗುತ್ತದೆ ಎಂಬ ಖಾತ್ರಿ ಇಲ್ಲ. ಎರಡೇ ಗಾಲಿಗಳಿಗೆ ಬಲ ಹೋಗುವ ಕಾರು ಏರುವಾಗಲೇ ಜಾರಿ ನಿಂತು ರಸ್ತೆಯ ಸ್ಥಿತಿಯನ್ನು ಚಾಲಕನಿಗೆ ತಿಳಿಸಿಬಿಡುತ್ತದೆ. ಫೋರ್ ವೀಲ್ ಡ್ರೈವ್ ಆ ಸುದ್ದಿಯನ್ನು ಚಾಲಕನಿಗೆ ಮುಟ್ಟಿಸುವುದಿಲ್ಲ. ಆತನಿಗೆ ಅದು ಗೊತ್ತಾಗುವುದು ಮೊದಲ ಸಲ ಬ್ರೇಕು ಒತ್ತಿದಾಗ.

ತಿರುವಿನ ಕತೆಯೂ ಇದೇ. ಹೇರ್‌ಪಿನ್ ತಿರುವನ್ನು 15 ಮೀಟರ್ ತ್ರಿಜ್ಯದ್ದೆಂದು ಹಿಡಿದರೆ, ಒಣ ಡಾಂಬರಿನ ಮೇಲೆ ಗಂಟೆಗೆ 36 ಕಿಲೋಮೀಟರ್ ವೇಗದವರೆಗೆ ಟಯರು ಗಾಡಿಯನ್ನು ರಸ್ತೆಯಲ್ಲಿ ಹಿಡಿದಿಡುತ್ತದೆ. ಗಟ್ಟಿಹಿಮದ ಮೇಲೆ ಈ ಮಿತಿ 19ಕ್ಕೆ, ಮಂಜುಗಡ್ಡೆಯ ಮೇಲೆ 14ರ ಒಳಕ್ಕೆ ಇಳಿಯುತ್ತದೆ. ಜೊತೆಗೆ ಒಂದು ಟಯರಿನ ಹಿಡಿತ ಒಂದೇ ಗಂಟಿನ ಹಣವಿದ್ದಂತೆ. ಬ್ರೇಕಿಗೆ ಖರ್ಚುಮಾಡಿದರೆ ತಿರುಗಲು ಉಳಿಯುವುದಿಲ್ಲ, ತಿರುಗುವುದಕ್ಕೆ ಪೂರ್ತಿ ಖರ್ಚಾಗಿದ್ದರೆ ಬ್ರೇಕು ಒತ್ತಲು ಏನೂ ಇಲ್ಲ. ಆದ್ದರಿಂದ ಹಿಮದಲ್ಲಿ ತಿರುವು ಬರುವ ಮೊದಲೇ, ಗಾಡಿ ನೇರವಾಗಿರುವಾಗಲೇ ವೇಗ ಇಳಿಸಿಕೊಳ್ಳಬೇಕು; ತಿರುವಿನೊಳಗೆ ಬ್ರೇಕನ್ನೂ ಆಕ್ಸಿಲರೇಟರನ್ನೂ ಮುಟ್ಟದೆ ಸ್ಟೇರಿಂಗಿಗಷ್ಟೇ ಹಿಡಿತವನ್ನು ಬಿಟ್ಟುಕೊಡಬೇಕು.

ಇದು ಸೋದರಳಿಯನಿಗೂ ನನಗೂ ಅರ್ಥವಾದದ್ದು ಒಂದು ಸಂಜೆ, ಅಟಲ್ ಸುರಂಗದ ಆಚೆ, ಸಿಸ್ಸು ಊರಿನ ಹತ್ತಿರ. 9.02 ಕಿಲೋಮೀಟರ್ ಉದ್ದದ ಈ ಸುರಂಗ 2020ರ ಅಕ್ಟೋಬರ್ 3ರಂದು ತೆರೆದ ಮೇಲೆ, 3,978 ಮೀಟರ್ ಎತ್ತರದ ರೋಹ್ತಾಂಗ್ ಘಟ್ಟದ ದಾರಿ ಮುಚ್ಚಿರುವ ಚಳಿಗಾಲದಲ್ಲಿಯೂ ಮನಾಲಿಯಿಂದ ಲಾಹೌಲಿಗೆ ದಾರಿಯಾಗಿದೆ. ಹಿಮ ಕಾಣದ ಊರುಗಳ ಚಾಲಕರೂ ಹಿಮದ ನಡುವೆ ಹೋಗಿ ನಿಲ್ಲುವಂತಾಗಿದೆ. ಗಾಡಿ ಓಡಿಸುತ್ತಿದ್ದವನು ಸೋದರಳಿಯ. ದಿನವಿಡೀ ಎಲ್ಲಿಯೂ ಗಾಲಿ ತಿರುಗಿ ನಿಲ್ಲದ ಕಾರಣ ಅವನಿಗೂ ನನಗೂ ಧೈರ್ಯ ಬಂದಿತ್ತು. ಬೆಟ್ಟದ ನೆರಳು ಬಿದ್ದ ಒಂದು ಇಳಿಜಾರು ತಿರುವಿನಲ್ಲಿ, ಗಂಟೆಗೆ 25 ಕಿಲೋಮೀಟರ್ ವೇಗವೂ ಇರಲಾರದು, ಅವನು ಬ್ರೇಕು ಒತ್ತಿದ. ಪಾದದಡಿಯಲ್ಲಿ ಪೆಡಲು ಗಡಗಡ ನಡುಗಿತು. ಅದರಾಚೆಗೆ ಸದ್ದೇ ಇಲ್ಲ. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದ್ದ; ಮುಂದಿನ ಗಾಲಿಗಳು ಎಡಕ್ಕೆ ಮುಖಮಾಡಿದ್ದವು, ಗಾಡಿ ಮಾತ್ರ ಯಾವ ಆತುರವೂ ಇಲ್ಲದೆ ನೇರಕ್ಕೆ ಸಾಗುತ್ತಿತ್ತು. ರಸ್ತೆಯಂಚಿನಲ್ಲಿ ಸೊಂಟದೆತ್ತರ ಒಟ್ಟಿದ್ದ ಹಿಮದ ದಿಬ್ಬಕ್ಕೆ ಬಂಪರು ಮೆತ್ತಗೆ ಊರಿ ನಿಂತಿತು. ದಿಬ್ಬದ ಆಚೆ ಕಣಿವೆ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಗಾಡಿ ಫೋರ್ ಹೈನಲ್ಲಿಯೇ ಇತ್ತು.

ಈ ಫೋರ್ ಹೈ, ಫೋರ್ ಲೋ ಎಂಬುದೇನು ಎಂದು ತಿಳಿಯಲು ಗಾಡಿಯಡಿಗೆ ಇಣುಕಬೇಕು. ತಿರುವಿನಲ್ಲಿ ಒಳಗಿನ ಗಾಲಿಗಿಂತ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು. ಕಣದಲ್ಲಿ ಮೇಟಿಕಂಬದ ಸುತ್ತ ಎತ್ತುಗಳನ್ನು ಸುತ್ತಿಸುವಾಗ ಹೊರಗಿನ ಎತ್ತು ಹೆಚ್ಚು ನಡೆಯುವ ಹಾಗೆ. ಎರಡನ್ನೂ ಒಂದೇ ಗಟ್ಟಿ ಸರಳಿಗೆ ಸಿಕ್ಕಿಸಿದರೆ ಒಂದು ಎಳೆದಾಡುತ್ತದೆ, ಇನ್ನೊಂದು ಉಜ್ಜುತ್ತದೆ. ಅದಕ್ಕಾಗಿ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆ ಇದೆ. ಅದು ಎರಡು ಗಾಲಿಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ, ಆದರೆ ಬಲವನ್ನು ಮಾತ್ರ ಎರಡಕ್ಕೂ ಸಮಸಮವಾಗಿ ಹಂಚುತ್ತದೆ. ಕಷ್ಟ ಇರುವುದು ಈ ಸಮಪಾಲಿನಲ್ಲಿ. ಜಾರುವ ಗಾಲಿಗೇ ಬಲವೆಲ್ಲ ಹೋಗುತ್ತದೆ ಎಂದು ಗ್ಯಾರೇಜಿನಲ್ಲಿಯೂ ಹೇಳುವುದುಂಟು, ಅದು ಪೂರ್ತಿ ಸರಿಯಲ್ಲ. ಎಡಗಾಲಿ ಮಂಜುಗಡ್ಡೆಯ ಮೇಲಿದ್ದು 10 ಕಿಲೋದಷ್ಟು ಬಲವನ್ನಷ್ಟೇ ತಡೆದುಕೊಳ್ಳಬಲ್ಲುದಾದರೆ, ಒಣನೆಲದಲ್ಲಿರುವ ಬಲಗಾಲಿಗೂ 10 ಕಿಲೋ ಮಾತ್ರ ಸಿಗುತ್ತದೆ. ಒಂದು ಗಾಲಿ ಗಿರಗಿರ ತಿರುಗುತ್ತದೆ, ಇನ್ನೊಂದು ಒಳ್ಳೆಯ ನೆಲದ ಮೇಲೆಯೇ ಸುಮ್ಮನೆ ನಿಂತಿರುತ್ತದೆ.

ನಾಲ್ಕು ಗಾಲಿಯ ಎಳೆತವಿದ್ದ ಮಾತ್ರಕ್ಕೆ ಈ ಕಷ್ಟ ತಪ್ಪುವುದಿಲ್ಲ. ಥಾರ್, ಜಿಮ್ನಿ, ಹಳೆಯ ಜಿಪ್ಸಿ ಇವುಗಳಲ್ಲಿ ಗೇರುಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇದೆ. ಚಿಕ್ಕ ಗೇರುಕೋಲನ್ನು ಫೋರ್ ಹೈಗೆ ಹಾಕಿದಾಗ ಎಂಜಿನ್ನಿನ ಬಲವನ್ನು ಗಾಲಿಗಳ ಕಡೆಗೆ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಆದರೆ ಮುಂದಿನ ಎರಡು ಗಾಲಿಗಳ ನಡುವೆಯೂ ಹಿಂದಿನ ಎರಡರ ನಡುವೆಯೂ ಒಂದೊಂದು ಡಿಫರೆನ್ಷಿಯಲ್ ಇದ್ದೇ ಇರುತ್ತದೆ. ಹಾಗಾಗಿ ಮುಂದಿನದೊಂದು, ಹಿಂದಿನದೊಂದು, ಮೂಲೆಮೂಲೆಯ ಎರಡು ಗಾಲಿಗಳು ಹಿಡಿತ ಕಳೆದುಕೊಂಡರೆ ಫೋರ್ ವೀಲ್ ಡ್ರೈವ್ ಗಾಡಿಯೂ ಸಿಕ್ಕಿಬೀಳುತ್ತದೆ. ತೋಟದ ರಸ್ತೆಯ ಆಳವಾದ ಗಾಲಿಜಾಡಿನಲ್ಲಿ ಇದನ್ನು ನೋಡಿದವರು ನಮ್ಮಲ್ಲಿ ಬಹಳ ಜನರಿದ್ದಾರೆ. ಪರಿಹಾರ ಎರಡು ಬಗೆಯದು. ಡಿಫರೆನ್ಷಿಯಲ್ಲನ್ನೇ ಲಾಕ್ ಮಾಡಿ ಎರಡು ಗಾಲಿಗಳನ್ನು ಒಂದಾಗಿ ಬಿಗಿಯುವುದು ಒಂದು. ಜಾರಿ ತಿರುಗುತ್ತಿರುವ ಗಾಲಿಯನ್ನು ಕಂಪ್ಯೂಟರು ಗುರುತಿಸಿ ಆ ಒಂದು ಗಾಲಿಗೆ ಮಾತ್ರ ಬ್ರೇಕು ಹಾಕುವುದು ಇನ್ನೊಂದು. ಬ್ರೇಕಿನ ತಡೆ ಹುಟ್ಟಿದೊಡನೆ ಸಮಪಾಲಿನ ನಿಯಮದಂತೆ ಅಷ್ಟೇ ಬಲ ಒಳ್ಳೆಯ ನೆಲದಲ್ಲಿರುವ ಗಾಲಿಗೂ ಹೋಗುತ್ತದೆ. ಹಿಮದ ರಸ್ತೆಗೆ ನನ್ನ ಒಲವು ಎರಡನೆಯದರ ಕಡೆಗೆ. ಲಾಕ್ ಆದ ಹಿಂದಿನ ಗಾಲಿಗಳು ಜಾರುವ ಅಡ್ಡ ಇಳಿಜಾರಿನಲ್ಲಿ ಎರಡೂ ಒಟ್ಟಿಗೇ ಹಿಡಿತ ಬಿಟ್ಟು ಗಾಡಿಯ ಬಾಲವನ್ನು ಪಕ್ಕಕ್ಕೆ ಒಯ್ಯುವ ಅಪಾಯವಿದೆ.

ಫೋರ್ ಹೈಯನ್ನು ಒಣ ಡಾಂಬರಿನ ಮೇಲೆ ಹಾಕಬಾರದೆಂದು ಹಳೆಯ ಜೀಪು ಚಾಲಕರು ಹೇಳುತ್ತಾರಲ್ಲ, ಅದರ ಕಾರಣವೂ ಇಲ್ಲಿಯೇ ಇದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತನ್ನು ಓಡುತ್ತವೆ, ಆದರೆ ಎರಡೂ ಶಾಫ್ಟುಗಳು ಬಿಗಿದುಕೊಂಡಿರುವುದರಿಂದ ವ್ಯತ್ಯಾಸಕ್ಕೆ ಎಡೆಯಿಲ್ಲ. ಹಿಮ, ರಾಡಿ, ಮರಳಿನ ಮೇಲೆ ಟಯರು ಸ್ವಲ್ಪ ಜಾರಿ ಈ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಒಣ ರಸ್ತೆಯಲ್ಲಿ ಜಾರಲು ಸಾಧ್ಯವಾಗದೆ ಶಾಫ್ಟು, ಹಲ್ಲುಗಾಲಿಗಳು ಹುರಿಗೊಂಡು ಸ್ಟೇರಿಂಗು ಬಿಗಿಯುತ್ತದೆ, ಕೊನೆಗೆ ಏನಾದರೊಂದು ಮುರಿಯುತ್ತದೆ. ಹಿಮಾಚಲದ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಹಿಮ, ಮುಂದಿನ ಅರ್ಧ ಒಣ ಡಾಂಬರು ಹೀಗೆ ಬದಲಾಗುತ್ತಿರುತ್ತದೆ. ಇಂಥ ಗಾಡಿಯ ಚಾಲಕ ಅದನ್ನು ಗಮನಿಸುತ್ತಲೇ ಇರಬೇಕು. ಮುಂದಿನ ಹಿಂದಿನ ಶಾಫ್ಟುಗಳ ನಡುವೆಯೂ ಮೂರನೆಯ ಡಿಫರೆನ್ಷಿಯಲ್ ಇಟ್ಟ ಗಾಡಿಗಳಲ್ಲಿ ಈ ತಾಪತ್ರಯವಿಲ್ಲ, ಅವು ವರ್ಷವಿಡೀ ನಾಲ್ಕು ಗಾಲಿಯಲ್ಲಿಯೇ ಓಡುತ್ತವೆ. 1980ರಲ್ಲಿ ಬಂದ ಆಡಿ ಕ್ವಾಟ್ರೊ ಇಂಥ ಕಾಯಂ ಎಳೆತವನ್ನು ರ‍್ಯಾಲಿಗಳಿಗೆ ತಂದು, ಕಾಡು ಗುಡ್ಡಕ್ಕಷ್ಟೇ ಅಲ್ಲ, ಜಾರುವ ಸಾಮಾನ್ಯ ರಸ್ತೆಗೂ ನಾಲ್ಕು ಗಾಲಿಯ ಬಲ ಬೇಕು ಎಂಬುದನ್ನು ಜಗತ್ತಿಗೆ ತೋರಿಸಿತು.

ಇನ್ನು ಆಲ್ ವೀಲ್ ಡ್ರೈವ್ ಎಂದು ಹೆಸರು ಹೊತ್ತ ಹಲವು ಎಸ್‌ಯುವಿಗಳು ಮೂಲತಃ ಮುಂದಿನ ಗಾಲಿಯ ಕಾರುಗಳೇ. ಹಿಂದಿನ ಗಾಲಿಗಳಿಗೆ ಹೋಗುವ ದಾರಿಯಲ್ಲಿ ತಟ್ಟೆಗಳ ಒಂದು ಕ್ಲಚ್ ಇರುತ್ತದೆ, ಮುಂದಿನ ಗಾಲಿ ಜಾರಿದ್ದನ್ನು ಅಥವಾ ಜಾರಬಹುದೆಂಬುದನ್ನು ಕಂಪ್ಯೂಟರು ಕಂಡುಕೊಂಡು ಅದನ್ನು ಬಿಗಿಯುತ್ತದೆ. ತೆಳು ಹಿಮದ ಊರ ರಸ್ತೆಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ, ಚಾಲಕ ಏನೂ ಮಾಡಬೇಕಾಗಿಲ್ಲ. ಆಳವಾದ ಹಿಮದಲ್ಲಿ ಸಿಕ್ಕಿ ಐದು ಹತ್ತು ನಿಮಿಷ ಗಾಲಿ ತಿರುಗಿಸುತ್ತಿದ್ದರೆ ಮಾತ್ರ ಆ ಕ್ಲಚ್ ಕಾಯ್ದು ತನ್ನನ್ನು ಕಾಪಾಡಿಕೊಳ್ಳಲು ಹಿಂದಿನ ಗಾಲಿಗಳ ಬಲವನ್ನು ಕಡಿದುಹಾಕಬಹುದು.

ಫೋರ್ ಲೋ ಎಂದರೆ ಎಲ್ಲ ಗೇರುಗಳನ್ನೂ ಇನ್ನೂ ಎರಡರಿಂದ ಎರಡೂವರೆ ಪಟ್ಟು ನಿಧಾನಗೊಳಿಸುವ ಏರ್ಪಾಡು. ಹಿಮದಲ್ಲಿ ಅದರ ಬೆಲೆ ಏರುವುದಕ್ಕಿಂತ ಇಳಿಯುವುದರಲ್ಲಿ ಹೆಚ್ಚು. ಲೋ ಹಾಕಿ ಮೊದಲ ಅಥವಾ ಎರಡನೆಯ ಗೇರಿನಲ್ಲಿ ಬ್ರೇಕು ಮುಟ್ಟದೆ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ನಡಿಗೆಯ ವೇಗದಲ್ಲಿ ಹಿಡಿದಿಡುತ್ತದೆ. ಆ ತಡೆ ನಾಲ್ಕೂ ಗಾಲಿಗಳಿಗೆ ಹಂಚಿಹೋಗುತ್ತದೆ. ಎರಡು ಗಾಲಿಯ ಗಾಡಿಯಲ್ಲಿ ಎಂಜಿನ್ನಿನ ತಡೆಯೆಲ್ಲ ಹಿಂದಿನ ಎರಡು ಗಾಲಿಗಳಿಗೇ ಬಿದ್ದರೆ ಬಾಲ ಜಾರಬಹುದು. ಇಳಿಯುವಾಗ ನಾಲ್ಕು ಗಾಲಿಯ ಎಳೆತದಿಂದ ನಿಜವಾಗಿ ಸಿಗುವ ಲಾಭ ಇದೊಂದು. ಹಿಡಿತದ ಮೊತ್ತ ಹೆಚ್ಚುವುದಿಲ್ಲ, ಇರುವುದನ್ನು ಹದವಾಗಿ ಬಳಸಲು ಬರುತ್ತದೆ. ಅಂದು ಸಿಸ್ಸುವಿನ ತಿರುವಿನಲ್ಲಿ ನಾವು ಮಾಡಬೇಕಾಗಿದ್ದದ್ದು ಇದನ್ನೇ, ಅದೂ ಇಳಿಜಾರು ತೊಡಗುವ ಮೊದಲು.

ಪೆಡಲು ಗಡಗಡ ನಡುಗಿದ್ದು ಎಬಿಎಸ್‌ನಿಂದ. ಗಾಲಿ ಪೂರ್ತಿ ಕಚ್ಚಿಕೊಂಡು ಜಾರದಂತೆ ಅದು ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುತ್ತದೆ, ಸ್ಟೇರಿಂಗಿಗೆ ಕೊಂಚ ಹಿಡಿತವನ್ನು ಉಳಿಸಿಕೊಡುತ್ತದೆ. ನಿಲ್ಲುವ ದೂರವನ್ನು ಅದು ಎಲ್ಲೆಡೆಯೂ ಕಡಿಮೆ ಮಾಡುತ್ತದೆ ಎಂದುಕೊಳ್ಳಬಾರದು. ಹೊಸದಾಗಿ ಬಿದ್ದ ಸಡಿಲ ಹಿಮದಲ್ಲಿ ಕಚ್ಚಿಕೊಂಡ ಗಾಲಿ ತನ್ನ ಮುಂದೆ ಹಿಮವನ್ನು ಗುಪ್ಪೆಹಾಕಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಆ ಗುಪ್ಪೆ ಬೆಳೆಯಗೊಡದೆ ದೂರವನ್ನು ಹೆಚ್ಚಿಸುವುದೂ ಉಂಟು. ಆದರೂ ತಿರುಗಿಸುವ ಶಕ್ತಿ ಉಳಿಯುವುದರಿಂದ ಅದು ಇರುವುದೇ ಮೇಲು.

ಇಷ್ಟೆಲ್ಲ ಯಂತ್ರಗಳ ಕೊನೆಗೆ ನೆಲವನ್ನು ಮುಟ್ಟಿರುವುದು ರಬ್ಬರು. ನನ್ನ ಅಭಿಪ್ರಾಯದಲ್ಲಿ ಹಿಮದ ರಸ್ತೆಗೆ ಹೋಗುವವರು ಗಾಡಿಗಿಂತ ಟಯರಿನ ವಿಚಾರವನ್ನೇ ಹೆಚ್ಚು ಮಾಡಬೇಕು, ಒಳ್ಳೆಯ ಚಳಿಗಾಲದ ಟಯರು ಹಾಕಿದ ಎರಡು ಗಾಲಿಯ ಕಾರು ಸಾಮಾನ್ಯ ಟಯರಿನ ಫೋರ್ ವೀಲ್ ಡ್ರೈವ್‌ಗಿಂತ ಬೇಗ ನಿಲ್ಲುತ್ತದೆ, ಚೆನ್ನಾಗಿ ತಿರುಗುತ್ತದೆ. ನಮ್ಮ ಊರಿನ ಬಿಸಿಲಿಗೆಂದು ಮಾಡಿದ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ, ಗಡುಸಾದ ರಬ್ಬರು ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಒಗ್ಗಿಕೊಳ್ಳುವುದಿಲ್ಲ. ಚಳಿಗಾಲದ ಟಯರಿನ ರಬ್ಬರು ಚಳಿಯಲ್ಲಿಯೂ ಮೆತ್ತಗೇ ಇರುತ್ತದೆ, ಅದರ ಮೈಯಲ್ಲಿ ಬ್ಲೇಡಿನಿಂದ ಸೀಳಿದಂಥ ನೂರಾರು ಸಣ್ಣ ಗೀರುಗಳಿರುತ್ತವೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಅಂಥ ಟಯರಿನ ಗುರುತು. ಜರ್ಮನಿಯಲ್ಲಿ ಹಿಮದ ರಸ್ತೆಗೆ ಇಂಥ ಟಯರು ಕಡ್ಡಾಯ.

ನಮ್ಮ ಹುಡುಗರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ತೋಟದ ರಸ್ತೆಗೆಂದು ದೊಡ್ಡ ದೊಡ್ಡ ಗಟ್ಟೆಗಳ ಮಡ್ ಟಯರು ಹಾಕಿಸಿರುತ್ತಾರೆ. ರಾಡಿಯನ್ನು ಸೀಳುವ ಟಯರು ಹಿಮವನ್ನೂ ಸೀಳುತ್ತದೆ ಎಂದು ನಂಬುತ್ತಾರೆ. ರಾಡಿಯ ಟಯರು ಮಾಡುವ ಕೆಲಸ ಬೇರೆ. ಮೇಲಿನ ಮೆತ್ತನೆಯ ಮಣ್ಣನ್ನು ಕೊರೆದು ಅಡಿಯಲ್ಲಿರುವ ಗಟ್ಟಿ ಜಂಬಿಟ್ಟಿಗೆಯನ್ನು ತಲುಪುವುದು, ಗಟ್ಟೆಗಳ ನಡುವೆ ತುಂಬಿದ ರಾಡಿಯನ್ನು ತಿರುಗುವ ರಭಸದಲ್ಲಿ ಹೊರಕ್ಕೆ ಎಸೆಯುವುದು. ಹಿಮದಲ್ಲಿ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಹಿಮ ಹಿಮಕ್ಕೆ ಚೆನ್ನಾಗಿ ಅಂಟುತ್ತದೆ, ಆದ್ದರಿಂದ ಗೀರುಗಳಲ್ಲಿ ಹಿಮ ಸಿಕ್ಕಿಕೊಂಡಿರಬೇಕು. ಗಟ್ಟಿಹಿಮ, ಮಂಜುಗಡ್ಡೆಯ ಮೇಲೆ ಗೀರಿಲ್ಲದ ಗಡಸು ರಬ್ಬರಿನ ಗಟ್ಟೆಗಳು ಮರದ ಚಕ್ಕೆಗಳಂತೆ ಜಾರುತ್ತವೆ. ರಾಡಿಯಲ್ಲಿ ನಾವು ಕಲಿತ ಇನ್ನೊಂದು ಅಭ್ಯಾಸ, ರಭಸದಿಂದ ಗಾಲಿ ತಿರುಗಿಸಿ ಹೊರಬರುವುದು, ಹಿಮದಲ್ಲಿ ಕೆಲಸವನ್ನೇ ಕೆಡಿಸುತ್ತದೆ. ತಿರುಗುವ ಗಾಲಿಯ ಕಾವಿಗೆ ಹಿಮ ಕರಗಿ, ಮರುಕ್ಷಣ ಹೆಪ್ಪುಗಟ್ಟಿ, ಗಾಲಿಯಡಿಯಲ್ಲಿ ನಾವೇ ಗಾಜಿನಂಥ ಗುಂಡಿ ಮಾಡಿಕೊಳ್ಳುತ್ತೇವೆ. ಎರಡನೆಯ ಗೇರಿನಲ್ಲಿ, ಆಕ್ಸಿಲರೇಟರಿಗೆ ಹೆಬ್ಬೆರಳಿನ ಭಾರವಷ್ಟೇ ಕೊಟ್ಟು ಹೊರಡಬೇಕು. ಸಿಕ್ಕಿಬಿದ್ದರೆ ಹಿಮವನ್ನು ಸಲಿಕೆಯಿಂದ ತೆಗೆದು ಗೋಣಿಚೀಲ ಹಾಸುವುದು ಅಲ್ಲಿಯೂ ನಡೆಯುತ್ತದೆ. ಈ ಒಂದು ವಿದ್ಯೆ ನಮ್ಮ ತೋಟದಿಂದ ಹಾಗೆಯೇ ಒಯ್ಯಬಹುದು.

ಕಾರವಾರ, ಕುಮಟೆಯ ಕಡಲತಡಿಯಲ್ಲಿ ಮರಳಿಗೆ ಗಾಡಿ ಇಳಿಸಿದವರು ಟಯರಿನ ಗಾಳಿ ಇಳಿಸಿ ಪಾರಾಗುವುದನ್ನು ಬಲ್ಲರು. ಆಳವಾದ ಸಡಿಲ ಹಿಮಕ್ಕೂ ಆ ಉಪಾಯ ಸಲ್ಲುತ್ತದೆ, ಐಸ್‌ಲ್ಯಾಂಡಿನವರು ಹಿಮನದಿಗಳ ಮೇಲೆ ಓಡಿಸುವಾಗ ದೊಡ್ಡ ಟಯರುಗಳ ಗಾಳಿಯನ್ನು ಬಹುಪಾಲು ಬಿಟ್ಟುಬಿಡುತ್ತಾರೆ. ಡಾಂಬರಿನ ಮೇಲೆ ತೆಳ್ಳಗೆ ಹಿಮ ಇರುವ ರಸ್ತೆಗೆ ಅದು ಬೇಡ. ಅಲ್ಲಿ ಗಾಡಿಯ ಪುಸ್ತಕ ಹೇಳಿದಷ್ಟೇ ಗಾಳಿ ಇರಬೇಕು, ಅದನ್ನು ಚಳಿಯ ಊರಿನಲ್ಲಿ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಅಳೆಯಬೇಕು.

ನಮ್ಮಲ್ಲಿ ಚಳಿಗಾಲದ ಟಯರು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಮನಾಲಿಯ ಚಾಲಕರು ನಂಬಿರುವುದು ಸರಪಳಿಯನ್ನು. ಟಯರಿನ ಸುತ್ತ ಕಟ್ಟುವ ಕಬ್ಬಿಣದ ಸರಪಳಿ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ, ಏರಲೂ ಇಳಿಯಲೂ ನಿಲ್ಲಲೂ ಒದಗುತ್ತದೆ. ಎರಡೇ ಗಾಲಿಗೆ ಕಟ್ಟಿದರೆ ಯಾವ ಎರಡು ಎಂಬುದು ಮುಖ್ಯವಾಗುತ್ತದೆ. ಹಿಂದೆ ಮಾತ್ರ ಕಟ್ಟಿದರೆ ಮುಂದಿನ ಗಾಲಿಗಳು ತಿರುವನ್ನು ಹಿಡಿಯುವುದಿಲ್ಲ. ಮುಂದೆ ಮಾತ್ರ ಕಟ್ಟಿದರೆ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಬಾಲ ಮುಂದಕ್ಕೆ ಬರಲು ನೋಡುತ್ತದೆ. ಫೋರ್ ವೀಲ್ ಡ್ರೈವ್‌ಗೆ ನಾಲ್ಕಕ್ಕೂ ಕಟ್ಟುವುದೇ ಉತ್ತಮ. ಕಟ್ಟಿದ ಮೇಲೆ ಗಂಟೆಗೆ 40 ಕಿಲೋಮೀಟರ್ ದಾಟಬಾರದು, ಒಣ ಡಾಂಬರು ಬಂದರೆ ಬಿಚ್ಚಬೇಕು. ಸರಪಳಿ ಕಟ್ಟುವುದನ್ನು ಮನೆಯಂಗಳದಲ್ಲಿ ಎರಡು ಸಲ ಅಭ್ಯಾಸ ಮಾಡಿಕೊಂಡು ಹೋಗಿ ಎಂದು ಹೊರಡುವವರಿಗೆಲ್ಲ ಹೇಳುತ್ತೇನೆ. ಬೆರಳು ಮರಗಟ್ಟುವ ಚಳಿಯಲ್ಲಿ, ಇಳಿಜಾರಿನಲ್ಲಿ, ಮೊದಲ ಬಾರಿಗೆ ಪೆಟ್ಟಿಗೆ ಬಿಚ್ಚಿ ಕಲಿಯುವ ಕೆಲಸ ಅದಲ್ಲ.

ಹಿಮದಲ್ಲಿಯೂ ಜಾತಿಗಳಿವೆ. ಆಗತಾನೆ ಬಿದ್ದ ಪುಡಿಹಿಮ ಕಣ್ಣಿಗೆ ಭಯ ಹುಟ್ಟಿಸಿದರೂ ಗಾಡಿಯ ಹೊಟ್ಟೆಗೆ ತಾಗದಷ್ಟು ಇರುವವರೆಗೆ ಅಷ್ಟೇನೂ ಕೆಟ್ಟದ್ದಲ್ಲ. ಹೊಟ್ಟೆಗೆ ತಾಗಿದರೆ ಗಾಡಿಯ ಭಾರ ಗಾಲಿಯನ್ನು ಬಿಟ್ಟು ಹಿಮದ ಮೇಲೆ ಕೂರುತ್ತದೆ, ಆಗ ನಾಲ್ಕು ಗಾಲಿಯೂ ನಿರುಪಯೋಗಿ. ಎಲ್ಲಕ್ಕಿಂತ ಕೆಟ್ಟದ್ದು ಕಾಣಿಸದ ಮಂಜುಗಡ್ಡೆ. ಹಗಲಿನ ಬಿಸಿಲಿಗೆ ಕರಗಿದ ನೀರು ಸಂಜೆ ರಸ್ತೆಯ ಮೇಲೆಯೇ ತೆಳ್ಳಗೆ ಹೆಪ್ಪುಗಟ್ಟುತ್ತದೆ, ಅದರೊಳಗಿಂದ ಡಾಂಬರಿನ ಕಪ್ಪು ಕಾಣುವುದರಿಂದ ರಸ್ತೆ ಒದ್ದೆಯಾಗಿದೆ ಎಂದಷ್ಟೇ ಅನ್ನಿಸುತ್ತದೆ. ನೆರಳಿನ ತಿರುವು, ಸೇತುವೆ, ಸುರಂಗದ ಬಾಯಿ ಇದರ ಜಾಗಗಳು. ಉಷ್ಣಾಂಶ ಸೊನ್ನೆಯ ಸುತ್ತಮುತ್ತ ಇರುವಾಗ ಅದು ಅತಿ ಹೆಚ್ಚು ಜಾರುತ್ತದೆ, ಕಡುಚಳಿಯಲ್ಲಿ ಅಷ್ಟು ಜಾರುವುದಿಲ್ಲ.

ದಾರಿಯೇ ಮುಚ್ಚಿಹೋದಾಗ ಯಾವ ಗಾಡಿಯೂ ಒಂದೇ. 2024ರ ಡಿಸೆಂಬರ್‌ನಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು ಸಾವಿರ ವಾಹನಗಳು ಸಿಲುಕಿದ್ದವು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ರಸ್ತೆಯಲ್ಲಿ ಹಿಮದಲ್ಲಿ ಹೂತ ಕಾರುಗಳೊಳಗೆ 20ಕ್ಕೂ ಹೆಚ್ಚು ಮಂದಿ ಸತ್ತರು. ಸೈಲೆನ್ಸರಿನ ಬಾಯಿಯನ್ನು ಹಿಮ ಮುಚ್ಚಿದ್ದಾಗ ಹೀಟರಿಗೆಂದು ಎಂಜಿನ್ ಚಾಲೂ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಸಿಲುಕಿದವರು ಮೊದಲು ಇಳಿದು ಸೈಲೆನ್ಸರಿನ ಸುತ್ತಲಿನ ಹಿಮ ತೆಗೆಯಬೇಕು, ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡಬೇಕು.

ಕರಾವಳಿಯಿಂದ ಹೊರಡುವ ಗಾಡಿಗೆ ಇನ್ನೂ ಕೆಲವು ಸಂಗತಿಗಳಿವೆ. ಇಲ್ಲಿ ರೇಡಿಯೇಟರಿಗೆ ಬರೀ ನೀರು ಹೊಯ್ದರೂ ನಡೆಯುತ್ತದೆ. ಅಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ನಿನ ಬ್ಲಾಕನ್ನೇ ಸೀಳಬಹುದು. ಕೂಲಂಟು ಮತ್ತು ನೀರು ಅರ್ಧರ್ಧ ಇದ್ದರೆ ಮೈನಸ್ 35 ಡಿಗ್ರಿಯವರೆಗೂ ಹೆದರಿಕೆಯಿಲ್ಲ. ಸಾಧಾರಣ ಡೀಸೆಲ್ಲು ಕಡುಚಳಿಯಲ್ಲಿ ಮೇಣಗಟ್ಟಿ ಫಿಲ್ಟರನ್ನು ಕಟ್ಟುತ್ತದೆ. ಲಡಾಖಿಗೆಂದು ಇಂಡಿಯನ್ ಆಯಿಲ್ 2019ರಲ್ಲಿ ಹೊರತಂದ ಚಳಿಗಾಲದ ಡೀಸೆಲ್ಲು ಮೈನಸ್ 33 ಡಿಗ್ರಿಯವರೆಗೆ ಹರಿಯುತ್ತದೆ. ಆ ಕಡೆ ಹೋಗುವವರು ಅಲ್ಲಿಯ ಬಂಕಿನಲ್ಲಿಯೇ ತುಂಬಿಸಿಕೊಳ್ಳುವುದು ಒಳ್ಳೆಯದು. ರಾತ್ರಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕು ಹಾಕಿದರೆ ಒದ್ದೆಯಾದ ಬ್ರೇಕು ಹೆಪ್ಪುಗಟ್ಟಿ ಬೆಳಿಗ್ಗೆ ಬಿಡದೆ ಹೋಗಬಹುದು. ಸಮತಟ್ಟು ನೋಡಿ, ಗೇರಿನಲ್ಲಿ ಬಿಟ್ಟು, ಗಾಲಿಗೆ ಕಲ್ಲು ಕೊಡಬೇಕು.

ಅಂದು ದಿಬ್ಬಕ್ಕೆ ಊರಿದ ಗಾಡಿಯನ್ನು ಸರಪಳಿ ಕಟ್ಟಿ ಹಿಂದಕ್ಕೆ ತೆಗೆದುಕೊಟ್ಟವರು ನಾವು ಇಳಿದುಕೊಂಡಿದ್ದ ಮನೆಯ ಯಜಮಾನರು, ಚಳಿಗಾಲವಿಡೀ ಅದೇ ರಸ್ತೆಯಲ್ಲಿ ಜೀಪು ಓಡಿಸುವವರು. ಮರುದಿನ ಬೆಳಿಗ್ಗೆ ಏಳೂವರೆಗೆ ನಾವು ಹೊರಡಲು ಸಿದ್ಧರಾಗಿ ನಿಂತಾಗ ಅವರು ಗಾಡಿ ಹತ್ತಲಿಲ್ಲ. ಆ ತಿರುವಿನವರೆಗೆ ನಡೆದುಹೋಗಿ, ಬಾಗಿ ನೋಡಿ, ಬೂಟಿನ ಹಿಮ್ಮಡಿಯನ್ನು ರಸ್ತೆಗೆ ಊರಿ ಒಮ್ಮೆ ಉಜ್ಜಿದರು. ಹಿಮ್ಮಡಿ ನಿಲ್ಲಲಿಲ್ಲ. ವಾಪಸು ಬಂದು, ಬಿಸಿಲು ಅಲ್ಲಿಗೆ ಬರಲು ಇನ್ನೂ ಮೂರು ಗಂಟೆ ಬೇಕು, ಚಹಾ ಕುಡಿಯಿರಿ ಎಂದರು. ಹತ್ತೂವರೆಯ ಹೊತ್ತಿಗೆ ತಿರುವಿನ ಮೇಲೆ ಬಿಸಿಲು ಬಿದ್ದು ಡಾಂಬರಿನಿಂದ ಹಬೆ ಏಳತೊಡಗಿತು. ಅವರು ಮತ್ತೊಮ್ಮೆ ನಡೆದುಹೋಗಿ ಹಿಮ್ಮಡಿ ಉಜ್ಜಿ ಬಂದ ಮೇಲೆ, ಸೋದರಳಿಯ ಗಾಡಿಯನ್ನು ಫೋರ್ ಲೋಗೆ ಹಾಕಿ, ಮೊದಲ ಗೇರಿನಲ್ಲಿ, ಬ್ರೇಕಿನಿಂದ ಕಾಲು ತೆಗೆದು ಇಳಿಸಿದ.